ಅಲ್ಲೆ ದುಡಿತಾವ, ಇಲ್ಲೆ ಉಣ್ತಾವ

ಅಥಣಿಯಿಂದ ವಿಜಯಪುರದ ರಸ್ತೆ ಹಿಡಿದು ಐಗಳಿ ದಾಟಿ ತೆಲಸಂಗದ ಕಡೆ ಹೊರಟರೆ ಕಬ್ಬು ಹಿಂದೆ ಸರಿದು ಬಿಳಿಜೋಳ ಕಾಣಿಸಿಕೊಳ್ಳುತ್ತದೆ. ಚಿಕ್ಕೋಡಿ, ರಾಯಬಾಗ, ಕಾಗವಾಡದ ಹೊಳೆಸಾಲಿನಲ್ಲಿ ಕೃಷ್ಣೆ, ದೂಧಗಂಗೆಯರ ನೀರು ಕುಡಿದು ಕಬ್ಬು ಆಳೆತ್ತರ ನಿಂತಿರುತ್ತದೆ. ಇಲ್ಲಿ ಮಾತ್ರ ಎರೆಹೊಲದ ತೇವವನ್ನೇ ನಂಬಿ ಹಿಂಗಾರಿ ಜೋಳ ತೆನೆ ಹೊರುತ್ತದೆ. ಎಳ್ಳಮವಾಸ್ಯೆಗೆ ಚರಗ ಚೆಲ್ಲುವ ಹೊತ್ತಿಗೆ ಆ ತೆನೆಯಲ್ಲಿ ಹಾಲು ತುಂಬುತ್ತದೆ. ಅದಕ್ಕೇ ಕಾದಿದ್ದವೋ ಎಂಬಂತೆ ಗುಲಾಬಿ ಕಬ್ಬಕ್ಕಿಗಳು ಹಿಂಡುಹಿಂಡಾಗಿ ಬಂದಿಳಿಯುತ್ತವೆ.

ಇವು ನಮ್ಮಲ್ಲಿ ಮೊಟ್ಟೆ ಇಡುವ ಹಕ್ಕಿಗಳಲ್ಲ. ಆಗಸ್ಟ್ ಹೊತ್ತಿಗೆ ಮಧ್ಯ ಏಷ್ಯಾದ ಹುಲ್ಲುಗಾವಲುಗಳಿಂದ ಬರುತ್ತವೆ, ಏಪ್ರಿಲ್ ವೇಳೆಗೆ ಮರಳುತ್ತವೆ. ಬಂದಾಗ ಹೇಗಿರುತ್ತವೆ, ಹೋಗುವಾಗ ಹೇಗಾಗುತ್ತವೆ ಎಂಬುದನ್ನು ನಾನು ಬಲ್ಲೆ. ನಡುವೆ ಅಲ್ಲಿ ಏನು ಮಾಡುತ್ತವೆ ಎಂಬುದನ್ನು ಪುಸ್ತಕದಲ್ಲಿ ಓದಿದ್ದೆನಷ್ಟೆ. ಅದನ್ನು ಕಣ್ಣಾರೆ ಕಂಡವರೊಬ್ಬರು ಹೋದ ಚಳಿಗಾಲದಲ್ಲಿ ನಮ್ಮ ಮನೆಗೇ ಬಂದರು.

ನನ್ನ ತಮ್ಮನ ಮಗ ಕಜಾಕಸ್ತಾನದ ಅಲ್ಮಾಟಿಯಲ್ಲಿ ವೈದ್ಯಕೀಯ ಓದುತ್ತಾನೆ. ಅವನು ಆಲಮಟ್ಟಿಯಲ್ಲಿ ಕಲಿಯುತ್ತಿದ್ದಾನೆಂದೇ ನಮ್ಮ ಓಣಿಯ ಹಿರಿಯರು ತಿಳಿದಿದ್ದಾರೆ. ಅವನಿಗೆ ರಷ್ಯನ್ ಭಾಷೆ ಕಲಿಸಿದ ಅಧ್ಯಾಪಕಿ ನಿವೃತ್ತಿಯ ಅಂಚಿನಲ್ಲಿರುವವರು, ಎಳವೆಯಿಂದಲೂ ಹಕ್ಕಿ ನೋಡುವವರು. ರಜೆಗೆ ಊರಿಗೆ ಹೊರಟ ಹುಡುಗನ ಜೊತೆ ಅವರೂ ಬಂದರು. ಕೈಚೀಲಕ್ಕಿಂತ ಮೊದಲು ಕಣ್ಣಿಗೆ ಬಿದ್ದದ್ದು ಕೊರಳಲ್ಲಿದ್ದ ದುರ್ಬೀನು. ಅದರ ಪಟ್ಟಿ ಬೆವರು ಕುಡಿದು ಕಪ್ಪಾಗಿತ್ತು. ಹಾಗೆ ಕಪ್ಪಾದ ಪಟ್ಟಿ ಕಂಡರೆ ನನಗೆ ಆ ಮನುಷ್ಯರ ಮೇಲೆ ಕೂಡಲೇ ವಿಶ್ವಾಸ ಬರುತ್ತದೆ.

ಅವರು ನೋಡಬೇಕೆಂದು ಬಂದಿದ್ದ ಹಕ್ಕಿ ಬೇರೆ. ನಮ್ಮ ಮಡ್ಡಿಗಳಲ್ಲಿ ಓಡಾಡುವ ಜುಟ್ಟಿನ ಪುಟ್ಟ ನೆಲಗುಬ್ಬಿ, ಪುಸ್ತಕಗಳಲ್ಲಿ ಸೈಕ್ಸ್ ಎಂಬುವನ ಹೆಸರು ಹೊತ್ತದ್ದು. ವಿಲಿಯಂ ಹೆನ್ರಿ ಸೈಕ್ಸ್ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದವನು. ದಖ್ಖನ್ನಿನ ಅಂಕಿಅಂಶ ಸಂಗ್ರಹಿಸುವ ಕೆಲಸಕ್ಕೆ ನೇಮಕಗೊಂಡು ಊರೂರು ತಿರುಗುತ್ತ ಹಕ್ಕಿಗಳನ್ನೂ ಲೆಕ್ಕಕ್ಕೆ ತಂದವನು. 1832ರಲ್ಲಿ ಅವನು ಪ್ರಕಟಿಸಿದ ಪಟ್ಟಿಯಲ್ಲಿ ಈ ನೆಲಗುಬ್ಬಿ ಮೊದಲ ಸಲ ಲೋಕಕ್ಕೆ ಪರಿಚಯವಾಯಿತು. ಅವನ ನಂತರ 1880ರ ಸುಮಾರಿಗೆ ಬೆಳಗಾವಿಯ ದಂಡಿನಲ್ಲಿದ್ದ ಕ್ಯಾಪ್ಟನ್ ಬಟ್ಲರ್, ದಕ್ಷಿಣ ಮರಾಠಾ ಸೀಮೆಯ ಹಕ್ಕಿಗಳ ಪಟ್ಟಿ ಮಾಡಿ ಎ.ಓ. ಹ್ಯೂಮ್ ನಡೆಸುತ್ತಿದ್ದ ಪತ್ರಿಕೆಗೆ ಕಳಿಸಿದ. ಕಾಂಗ್ರೆಸ್ ಕಟ್ಟಿದವರಲ್ಲಿ ಒಬ್ಬನಾದ ಅದೇ ಹ್ಯೂಮ್. ನಮ್ಮ ನೆಲದ ಹಕ್ಕಿಗಳನ್ನು ನೋಡಲು ಪರದೇಶದವರು ಬರುವುದು ಹಾಗಾಗಿ ಹೊಸತೇನಲ್ಲ. ಆಗಿನವರು ಬಂದೂಕು ತಂದಿದ್ದರು. ನೋಡಿದ್ದನ್ನು ಹೊಡೆದು, ಚರ್ಮ ಸುಲಿದು, ಹತ್ತಿ ತುಂಬಿ ಲಂಡನ್ನಿಗೆ ಸಾಗಿಸಿದರು. ಅವರ ಶ್ರದ್ಧೆಗೆ ನಾನು ಕೈಮುಗಿಯುತ್ತೇನೆ. ಆದರೂ ನೋಡಿ ಬರೆದುಕೊಂಡು ಹಕ್ಕಿಯನ್ನು ಹಕ್ಕಿಯ ಪಾಡಿಗೆ ಬಿಟ್ಟುಬರುವ ಈ ಹೆಂಗಸಿನ ಕಾಲದಲ್ಲಿ ನಾನು ಹುಟ್ಟಿದ್ದು ಪುಣ್ಯವೆನಿಸುತ್ತದೆ.

ಬೆಳಗಿನ ಬಿಸಿಲು ಇನ್ನೂ ಎಳೆಯದಾಗಿರುವಾಗ ಐಗಳಿ ಹತ್ತಿರದ ಗರಸು ಮಡ್ಡಿಯಲ್ಲಿ ನೆಲಗುಬ್ಬಿ ಸಿಕ್ಕಿತು. ಮಣ್ಣಿನದೇ ಬಣ್ಣ, ಅದರಲ್ಲೊಂದಿಷ್ಟು ಕೆಂಪು. ಒಣಹುಲ್ಲಿನ ನಡುವೆ ನಾಲ್ಕು ಹೆಜ್ಜೆ ಓಡಿ ನಿಂತು ಜುಟ್ಟು ನಿಗುರಿಸಿತು. ಅವರು ಮೊಣಕಾಲೂರಿ ಬಹಳ ಹೊತ್ತು ನೋಡಿದರು. ಇದರ ದಾಯಾದಿ, ದೊಡ್ಡ ಜುಟ್ಟಿನ ಮಾಸಲು ನೆಲಗುಬ್ಬಿ, ಅವರ ನಾಡಿನಲ್ಲಿ ರಸ್ತೆಯಂಚಿನಲ್ಲೆಲ್ಲ ಇದೆಯಂತೆ. ಇದು ಮಾತ್ರ ಭಾರತ ಬಿಟ್ಟು ಎಲ್ಲಿಯೂ ಇಲ್ಲ. ಹಾಡುವ ಕಾಲವಲ್ಲವಾದ್ದರಿಂದ ಚಿಂವ್ ಎಂದಷ್ಟೇ ಅಂದು ಸುಮ್ಮನಾಯಿತು. ರೋಹಿಣಿ, ಮಿರಗ ಮಳೆ ಬಿದ್ದ ಮೇಲೆ ಇದು ಮೇಲಕ್ಕೇರಿ, ಗಾಳಿಯಲ್ಲಿ ರೆಕ್ಕೆ ಬಡಿಯುತ್ತಲೇ ಹೇಗೆ ಹಾಡುತ್ತದೆ, ಹಾಡಿನ ನಡುನಡುವೆ ಬೇರೆ ಹಕ್ಕಿಗಳ ದನಿಯನ್ನು ಹೇಗೆ ಕದ್ದು ಸೇರಿಸುತ್ತದೆ, ಹೆಂಟೆಯ ಮರೆಯಲ್ಲಿ ಹೇಗೆ ಗೂಡು ಮಾಡುತ್ತದೆ ಎಂಬುದನ್ನೆಲ್ಲ ನಾನು ಹೇಳಿದೆ. ಹುಡುಗ ರಷ್ಯನ್ನಿಗೆ ತಿರುಗಿಸಿದ. ಸಾಲದೆನಿಸಿ ಟಿಟ್ಟಿಭದ ಕೂಗನ್ನು ನಾನೇ ಬಾಯಲ್ಲಿ ಮಾಡಿ ತೋರಿಸಿದೆ. ಅವರು ಒಂದೊಂದನ್ನೂ ಬರೆದುಕೊಂಡರು. ಅವರು ಎಂದೂ ಕಾಣಲಾರದ ಜೂನ್ ತಿಂಗಳನ್ನು ನಾನು ಅವರಿಗೆ ಕೊಡುತ್ತಿದ್ದೆ. ಮಧ್ಯಾಹ್ನದೊಳಗೆ ಅವರೂ ನನಗೊಂದು ಜೂನ್ ತಿಂಗಳು ಕೊಟ್ಟರು.

ಅದು ಜೋಳದ ಹೊಲದಲ್ಲಿ. ಹೊಲದ ನಡುವಿನ ಅಟ್ಟದ ಮೇಲೆ ರೈತರೊಬ್ಬರು ಕವಣೆ ಬೀಸುತ್ತ, ಡಬ್ಬಿ ಬಡಿಯುತ್ತ ಕೂಗು ಹಾಕುತ್ತಿದ್ದರು. ಕಲ್ಲು ಬಿದ್ದಲ್ಲಿಂದ ಹಿಂಡು ಎದ್ದು, ಒಂದು ಸುತ್ತು ಹಾಕಿ, ಮತ್ತೊಂದು ಮಗ್ಗುಲಿಗೆ ಇಳಿಯುತ್ತಿತ್ತು. ಬದುವಿನ ಜಾಲಿಯ ಮೇಲೆ ಕೂತಿದ್ದ ಕೆಲವನ್ನು ದುರ್ಬೀನಿನಲ್ಲಿ ಹಿಡಿದೆವು. ಈ ಕಾಲದಲ್ಲಿ ಅವುಗಳ ಗುಲಾಬಿಯ ಮೇಲೆ ಕಂದುಬೂದು ಮುಸುಕಿರುತ್ತದೆ. ಹೊಸ ಗರಿಗಳ ತುದಿ ಕಂದು. ಚಳಿಗಾಲವಿಡೀ ಆ ತುದಿ ಸವೆಯುತ್ತ ಹೋಗಿ ಒಳಗಿನ ಗುಲಾಬಿ, ತಲೆಯ ಕರಿಹೊಳಪು ಹೊರಗೆ ಬರುತ್ತವೆ. ಮಾರ್ಚಿನಲ್ಲಿ ಮುತ್ತಲ ಹೂವಿನ ಮೇಲೆ ಕೂತು ಮಕರಂದ ಹೀರುವಾಗ ನೋಡಿದರೆ ಇವೇ ಅವು ಎಂದು ನಂಬುವುದು ಕಷ್ಟ. ತಮ್ಮ ಊರಿನ ಹಕ್ಕಿಯ ಈ ಮಾಸಿದ ಬಟ್ಟೆಯನ್ನು ಅವರು ಮೊದಲ ಸಲ ನೋಡುತ್ತಿದ್ದರು. ದುರ್ಬೀನು ಕೆಳಗಿಳಿಸಲೇ ಇಲ್ಲ.

ರೈತರು ಅಟ್ಟದಿಂದ ಇಳಿದು ಬಂದರು. "ಮಾಸ್ತರ್ರ, ಈ ಅಕ್ಕಾರು ಯಾ ಊರಾವ್ರರಿ?" ಹುಡುಗ ಹೇಳಿದ, ಹಕ್ಕಿಗಳೂ ಅದೇ ಕಡೆಯಿಂದ ಬರುತ್ತವೆ ಎಂದೂ ಸೇರಿಸಿದ. "ಹಂಗಾರ ಇವು ಇವ್ರ ಹಕ್ಕೀನ ಏನ್ರಿ? ನಮ್ ಜ್ವಾಳದ ಲುಕ್ಸಾನ ಕೊಟ್ಟ ಹೋಗ್ಲಿ ನೋಡ್ರಿ" ಎಂದು ನಕ್ಕರು. ಅತಿಥಿ ನಗಲಿಲ್ಲ. ಬದುವಿನ ಮೇಲೆ ಕೂತು ಲೆಕ್ಕ ಒಪ್ಪಿಸುವವರಂತೆ ನಿಧಾನವಾಗಿ ಹೇಳತೊಡಗಿದರು.

ಮೇ ತಿಂಗಳಲ್ಲಿ ಹಿಂಡುಗಳು ಬಂದು ಕಲ್ಲುಗುಪ್ಪೆಗಳ ಸಂದಿಗಳಲ್ಲಿ ಒತ್ತೊತ್ತಾಗಿ ಗೂಡು ಹಾಕುತ್ತವೆ, ಸಾವಿರಾರು ಜೋಡಿ ಒಂದೇ ಕಡೆ. ತಿಳಿನೀಲಿ ಮೊಟ್ಟೆ. ಹದಿನೈದು ದಿನಕ್ಕೆ ಮರಿ, ಇನ್ನೊಂದು ಮೂರೂವರೆ ವಾರಕ್ಕೆ ಮರಿ ಗೂಡು ಬಿಡುತ್ತದೆ. ಅಷ್ಟೂ ದಿನ ತಂದು ತುರುಕುವುದು ಮಿಡತೆ. ಮಿಡತೆ ಎಲ್ಲಿ ಹೆಚ್ಚೋ ಆ ವರ್ಷ ಅಲ್ಲಿಯೇ ಅವುಗಳ ಊರು. ಮಿಡತೆ ಇಲ್ಲದಿದ್ದರೆ ಹೋದ ವರ್ಷದ ಕಲ್ಲುಗುಪ್ಪೆಯ ಕಡೆ ತಿರುಗಿಯೂ ನೋಡುವುದಿಲ್ಲ. ಗಡಿಯಾಚೆ, ಚೀನಾದ ಶಿಂಜಿಯಾಂಗ್‌ನಲ್ಲಿ ಮಿಡತೆ ಹತೋಟಿಗೆಂದೇ ಇವುಗಳಿಗೆ ಕಲ್ಲು ಪೇರಿಸಿ ಗೂಡು ಮಾಡಿಕೊಡುತ್ತಾರೆ. ಇಷ್ಟನ್ನೂ ಹುಡುಗ ಅಥಣಿಯ ಮಾತಿನಲ್ಲಿ ಹೇಳಿ ಮುಗಿಸಿದ. ರೈತರು ಕವಣೆಯನ್ನು ಹೆಗಲಿಗೆ ಹಾಕಿಕೊಂಡು ಒಂದು ಕ್ಷಣ ವಿಚಾರ ಮಾಡಿ, "ಅಂದ್ರ ಅಲ್ಲೆ ದುಡಿತಾವ, ಇಲ್ಲೆ ಉಣ್ತಾವ ಅನ್ರಿ" ಎಂದರು.

ಇಲ್ಲಿಯೂ ಅವು ಬರೀ ಉಣ್ಣುವುದಿಲ್ಲ, ಕಡಲೆ ಹೊಲದ ಕಾಯಿಕೊರಕ ಹುಳವನ್ನೂ ಹೆಕ್ಕುತ್ತವೆ ಎಂದು ನಾನು ಹೇಳಿದೆ. ರೈತರು ತಲೆದೂಗಿದರು. ಆಮೇಲೆ ಕುಳ್ಳಿನ ಕೆಂಡ ಮಾಡಿ, ಹಾಲುಗಾಳಿನ ತೆನೆ ಮುರಿದು ತಂದು ಸುಟ್ಟು, ಗೋಣಿಚೀಲದ ಮೇಲೆ ಬಡಿದು ಸೀತನಿ ಮಾಡಿದರು. ಹಸಿರು ಕಾಳು, ಹೊಗೆಯ ವಾಸನೆ, ಜೊತೆಗೆ ಶೇಂಗಾ ಹಿಂಡಿ. ಅತಿಥಿ ಒಂದು ಹಿಡಿ ಬಾಯಿಗೆ ಹಾಕಿಕೊಂಡು ಜಾಲಿಯ ಕಡೆ ನೋಡಿದರು, ಇನ್ನೊಂದು ಹಿಡಿಗೆ ಕೈಚಾಚಿದರು.

ಸಂಜೆ ಅಂಕಲಿಯ ಹತ್ತಿರ ಹೊಳೆಯಲ್ಲಿ ಒಂದು ಜೋಡಿ ಚಕ್ರವಾಕ ಕಂಡವು. ನಮ್ಮ ಕವಿಗಳು ರಾತ್ರಿಯಿಡೀ ಅಗಲಿಸಿ ಅಳಿಸಿದ ಆ ಹಕ್ಕಿ ಅವರ ಬಯಲಿನಲ್ಲಿ ಪ್ರಾಣಿಗಳು ತೋಡಿಟ್ಟ ಬಿಲದೊಳಗೆ ಮೊಟ್ಟೆ ಇಡುತ್ತದಂತೆ. ಹಳಗನ್ನಡ ಕಾವ್ಯ ಓದಿದ ನನಗೆ ಇದನ್ನು ಯಾರೂ ಹೇಳಿರಲಿಲ್ಲ.

ಅವರಿಗೆ ನಾನು ಒಂದು ಸಂಕಟವನ್ನೂ ಹೇಳಿದೆ. ಮಡ್ಡಿಯನ್ನು ನಾವು ಬೀಳುನೆಲವೆಂದು ಬರೆದುಬಿಟ್ಟಿದ್ದೇವೆ. ಬರೆದದ್ದರಿಂದಲೇ ಅದನ್ನು ಅಗೆಯಲು, ಸಮ ಮಾಡಲು, ಬೇಲಿ ಹಾಕಲು ಯಾರಿಗೂ ಅಳುಕಿಲ್ಲ. ನೀರು ಬಂದಲ್ಲಿ ಜೋಳ ಹೋಗಿ ಕಬ್ಬು ಬರುತ್ತದೆ. ರೈತನ ಹೊಟ್ಟೆ ತುಂಬಬೇಕು, ಕಬ್ಬಿನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಕಬ್ಬಿನೊಳಗೆ ನೆಲಗುಬ್ಬಿ ಬದುಕಲಾರದು, ಕಬ್ಬಕ್ಕಿಗೂ ಅಲ್ಲಿ ಕಾಳಿಲ್ಲ. ಅವರ ನಾಡಿನಲ್ಲಿಯೂ ಹುಲ್ಲುಗಾವಲಿನ ದೊಡ್ಡ ಭಾಗ ಸೋವಿಯತ್ ಕಾಲದಲ್ಲಿ ಗೋಧಿಗೆಂದು ನೇಗಿಲಿಗೆ ಸಿಕ್ಕಿತ್ತು. 1954ರಲ್ಲಿ ಶುರುವಾದ ಆ ಉಳುಮೆಯನ್ನು ಅವರ ತಂದೆಯ ತಲೆಮಾರು ಕಂಡಿತ್ತು. ಮೈಲಿಗಟ್ಟಲೆ ಹುಲ್ಲು ಮಗುಚಿ ಬಿದ್ದದ್ದನ್ನು ಮನೆಯಲ್ಲಿ ಕೇಳಿ ಬೆಳೆದವರಿಗೆ ನನ್ನ ಮಡ್ಡಿಯ ಮಾತನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಈಗ ನಮ್ಮಿಬ್ಬರ ಪಟ್ಟಿಗಳೂ ಹಕ್ಕಿ ನೋಡುವವರ ಜಾಲತಾಣ ಇ-ಬರ್ಡ್‌ನಲ್ಲಿ ಸೇರುತ್ತವೆ. ಕೊನೆಯ ಹಿಂಡು ಅಥಣಿ ಬಿಟ್ಟ ದಿನವನ್ನು ನಾನು ತಿಳಿಸಬೇಕು, ಮೊದಲ ಹಿಂಡು ಅಲ್ಲಿಗೆ ಮುಟ್ಟಿದ ದಿನವನ್ನು ಅವರು ತಿಳಿಸಬೇಕು ಎಂದು ಮಾತಾಗಿದೆ. ತೆಲಸಂಗದ ಸಂತೆಯಲ್ಲಿ ಆ ರೈತರು ಸಿಕ್ಕಾಗೊಮ್ಮೆ, "ಅಲ್ಲೆ ಈ ಸಲ ಮಿಡತಿ ಹೆಂಗ ಅದಾವಂತ್ರಿ, ಮಾಸ್ತರ್ರ?" ಎಂದು ಕೇಳುತ್ತಾರೆ. ಜೂನ್‌ನಲ್ಲಿ ಅಲ್ಮಾಟಿಯಿಂದ ಉತ್ತರ ಬಂತು: ಮಿಡತೆ ಕಡಿಮೆ, ಹಳೆಯ ಕಲ್ಲುಗುಪ್ಪೆಗಳು ಖಾಲಿ, ಹಿಂಡು ಬೇರೆಲ್ಲೋ ಇಳಿದಿದೆ, ಹುಡುಕುತ್ತಿದ್ದೇವೆ.