ಮುಚ್ಚಳದ ಕೆಳಮೈ

ನಮ್ಮ ಮಂಡ್ಯದ ಕಡೆ ಮನೆಗೆ ಮೋಲ್ಡ್ ಹಾಕಿಸಿದರು ಎಂದರೆ ಆ ಮನೆಯ ಚಿಂತೆ ಮುಗಿಯಿತು ಎಂದೇ ಲೆಕ್ಕ. ಹೆಂಚು ಒಡೆಯುತ್ತದೆ, ಮಣ್ಣಿನ ಗೋಡೆ ಮಳೆಗೆ ಕರಗುತ್ತದೆ, ತೊಲೆಗೆ ಗೆದ್ದಲು ಹತ್ತುತ್ತದೆ. ಕಾಂಕ್ರೀಟಿಗೆ ಮಾತ್ರ ಯಾವ ಹುಳವೂ ಬಾಯಿ ಹಾಕುವುದಿಲ್ಲವೆಂದು ನಾವೆಲ್ಲ ನಂಬಿದ್ದೇವೆ. ಅದಕ್ಕೂ ಬಾಯಿ ಹಾಕುವ ಜೀವವೊಂದಿದೆ, ಅದು ನಮ್ಮ ಬಚ್ಚಲ ನೀರು ಹೋಗುವ ದಾರಿಯಲ್ಲೇ ವಾಸವಾಗಿದೆ ಎಂದು ನನಗೆ ತಿಳಿದದ್ದು ಬೀದಿಯಲ್ಲಿ ಮಗುಚಿಟ್ಟ ಒಂದು ಮ್ಯಾನ್‌ಹೋಲ್ ಮುಚ್ಚಳದಿಂದ.

ಒಳಚರಂಡಿಯ ಹಳೆಯ ಮುಚ್ಚಳ ತೆಗೆದು ಹೊಸದು ಕೂರಿಸುತ್ತಿದ್ದರು. ಮೇಲಿನಿಂದ ನೋಡಿದರೆ ಹಳೆಯದಕ್ಕೆ ಏನೂ ಆಗಿರಲಿಲ್ಲ. ಕಬ್ಬಿನ ಲಾರಿ ಹತ್ತಿದರೂ ತಡೆದುಕೊಳ್ಳುವಂತೆ ಕಾಣುತ್ತಿತ್ತು. ಮೇಸ್ತ್ರಿ ಅದನ್ನು ಮಗುಚಿ, ಕರಣೆಯಿಂದ ಒಂದು ಸಲ ಕೆರೆದ. ಬಿಳುಪು ಬೂದು ಬಣ್ಣದ ಒದ್ದೆ ಹಿಟ್ಟು ಕಿತ್ತು ಬಂತು. ಒಳಗಿನ ಕಂಬಿ ತುಕ್ಕು ಹಿಡಿದು ಹೊರಗೆ ಬಂದಿತ್ತು. "ಮೇಲ್ನೋಡುದ್ರೆ ಕಲ್ಲಿದ್ದಂಗದೆ ಟೀಚರಮ್ಮ, ಕೆಳ್ಗಡೆ ನೋಡಿ, ಬರೀ ಹಿಟ್ಟು" ಎಂದ. ನೀರು ಹರಿಯುವುದು ತಳದಲ್ಲಿ. ತಳ ಗಟ್ಟಿಯಾಗಿದ್ದು, ನೀರು ಮುಟ್ಟದ ಸೂರು ಕೊಳೆಯುವುದೆಂದರೆ ಏನು ವಿಚಿತ್ರ?

ನಾನು ಓದಿದ್ದು ಬಿ.ಎ., ಬಿ.ಎಡ್. ಪಾಠ ಹೇಳುವುದು ಸಮಾಜ ವಿಜ್ಞಾನ. ಮರುದಿನ ನಮ್ಮ ವಿಜ್ಞಾನದ ಮೇಷ್ಟರ ಮುಂದೆ ಈ ಮಾತು ತೆಗೆದೆ. ಅವರು ಮೇಜಿನ ಮೇಲಿದ್ದ ಸೀಮೆಸುಣ್ಣದ ತುಂಡೊಂದನ್ನು ಎತ್ತಿ, "ನೀವು ನೋಡಿದ್ದು ಹೆಚ್ಚುಕಡಿಮೆ ಇದನ್ನೇ ಮೇಡಂ" ಎಂದರು. ನಮ್ಮ ಶಾಲೆಗಳಿಗೆ ಬರುವ ಸೀಮೆಸುಣ್ಣ ಬಹುಪಾಲು ಜಿಪ್ಸಂನದು. ಆ ಸೂರಿನ ಕಾಂಕ್ರೀಟೂ ಜಿಪ್ಸಂ ಆಗಿತ್ತು. ಆಮೇಲೆ ಅವರು ಹೇಳಿದ್ದನ್ನೂ ನಾನು ಹುಡುಕಿ ಓದಿಕೊಂಡದ್ದನ್ನೂ ಇಲ್ಲಿ ಸೇರಿಸಿ ಬರೆಯುತ್ತಿದ್ದೇನೆ.

ಇದು ಎರಡು ಬಗೆಯ ಬ್ಯಾಕ್ಟೀರಿಯಾಗಳ ಕೂಡು ಕೆಲಸ. ಮೂತ್ರ, ಸೋಪಿನ ಪುಡಿ, ಬೋರ್‌ವೆಲ್ ನೀರು ಎಲ್ಲದರಲ್ಲೂ ಒಂದಿಷ್ಟು ಸಲ್ಫೇಟ್ ಇರುತ್ತದೆ. ಕೊಳಚೆ ನೀರು ಸರಾಗವಾಗಿ ಹರಿಯದೆ ನಿಂತರೆ ಅದರಲ್ಲಿನ ಆಮ್ಲಜನಕ ತೀರಿಹೋಗುತ್ತದೆ. ಆಗ ಕೊಳವೆಯ ತಳದ ಲೋಳೆಯಲ್ಲಿರುವ ಮೊದಲ ಬಗೆಯವು ಆಮ್ಲಜನಕದ ಬದಲು ಸಲ್ಫೇಟನ್ನೇ ಬಳಸಿಕೊಂಡು ಬದುಕುತ್ತವೆ. ಅವು ಹೊರಗೆ ಬಿಡುವುದು ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ. ಕೊಳೆತ ಮೊಟ್ಟೆಯ ನಾತ ಅದರದೇ. ನೀರು ಎತ್ತರದಿಂದ ಧುಮುಕುವ ಕಡೆ ಈ ಅನಿಲ ಹೆಚ್ಚಾಗಿ ಹೊರಬಿದ್ದು, ಖಾಲಿ ಜಾಗ ತುಂಬಿ, ಸೂರಿನ ತೇವಕ್ಕೆ ಅಂಟುತ್ತದೆ. ಅಲ್ಲಿ ಎರಡನೆಯ ಬಗೆಯವು ಕಾದಿರುತ್ತವೆ. ಇವಕ್ಕೆ ಗಾಳಿ ಬೇಕು. ಗಂಧಕವೇ ಇವುಗಳ ಊಟ. ಕೆಳಮನೆಯವರ ಕಸ ಮೇಲ್ಮನೆಯವರಿಗೆ ಅನ್ನ. ಉಂಡು ಇವು ಬಿಡುವುದು ಗಂಧಕಾಮ್ಲವನ್ನು, ಅಂದರೆ ಬ್ಯಾಟರಿಗೆ ಹಾಕುವ ಅದೇ ಆಸಿಡ್ಡನ್ನು.

ಹೊಸ ಕಾಂಕ್ರೀಟು ಸುಣ್ಣದ ಹಾಗೆ ತೀಕ್ಷ್ಣ ಕ್ಷಾರ. ಅದರ ಪಿಎಚ್ 12ಕ್ಕಿಂತ ಮೇಲಿರುವುದರಿಂದ ಮೊದಲಿಗೆ ಯಾವ ಜೀವವೂ ಅಲ್ಲಿ ನೆಲೆ ನಿಲ್ಲಲಾರದು. ಅನಿಲಗಳು ಆ ಖಾರವನ್ನು ಮೆಲ್ಲಗೆ ತಗ್ಗಿಸಿ 9ರ ಸುಮಾರಿಗೆ ತಂದಾಗ ಮೊದಲ ಒಕ್ಕಲು ಬರುತ್ತದೆ. ಹುಳಿ ಹೆಚ್ಚಿದಂತೆ ಇನ್ನೊಂದು ಒಕ್ಕಲು. ಕೊನೆಗೆ ಉಳಿಯುವವು ಪಿಎಚ್ 1ರ ಹತ್ತಿರದ ಆಸಿಡ್ಡಿನಲ್ಲೂ ಸುಖವಾಗಿರುವಂಥವು. ಕೆಟ್ಟ ಕಡೆಗಳಲ್ಲಿ ವರ್ಷಕ್ಕೆ ಕೆಲವು ಮಿಲಿಮೀಟರ್ ಕಾಂಕ್ರೀಟು ಹಿಟ್ಟಾಗುತ್ತದೆ. ಐವತ್ತು ವರ್ಷಕ್ಕೆಂದು ಕಟ್ಟಿದ್ದು ಇಪ್ಪತ್ತಕ್ಕೇ ಮುಗಿಯುವುದುಂಟು.

ಬಹುಕಾಲ ಇದನ್ನು ಬರಿಯ ರಾಸಾಯನಿಕ ಕ್ರಿಯೆ ಎಂದೇ ತಿಳಿದಿದ್ದರು. ಗಂಧಕ ತಿಂದು ಆಸಿಡ್ ಮಾಡುವ ಬ್ಯಾಕ್ಟೀರಿಯಾವನ್ನು 1922ರಲ್ಲಿ ವಿವರಿಸಿದವರು ವಾಕ್ಸ್‌ಮನ್ ಮತ್ತು ಜಾಫಿ. ಮುಂದೆ ಸ್ಟ್ರೆಪ್ಟೋಮೈಸಿನ್ ಔಷಧಕ್ಕಾಗಿ 1952ರಲ್ಲಿ ನೊಬೆಲ್ ಪಡೆದ ವಾಕ್ಸ್‌ಮನ್ನರೇ ಇವರು. 1945ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಪಾರ್ಕರ್ ಎಂಬವರು ಕೊಳೆತ ಚರಂಡಿ ಕಾಂಕ್ರೀಟಿನಿಂದಲೇ ಇಂಥದೊಂದನ್ನು ಬೇರ್ಪಡಿಸಿ, ಕಾಂಕ್ರೀಟು ನುಂಗುವುದು ಎಂದು ಅರ್ಥ ಬರುವ ಹೆಸರಿಟ್ಟರು. ಅದೂ ವಾಕ್ಸ್‌ಮನ್ ಕಂಡದ್ದೂ ಒಂದೇ ಎಂದು ಆಮೇಲೆ ತಿಳಿಯಿತು. 2000ದಲ್ಲಿ ಅದಕ್ಕೆ ಆಸಿಡಿಥಿಯೋಬ್ಯಾಸಿಲಸ್ ಎಂಬ ಹೊಸ ಕುಲನಾಮ ಬಂತು.

ಹಾಗೆಂದು ಈ ಜೀವವನ್ನು ಬಯ್ಯಬೇಕಾಗಿಲ್ಲ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ನೀರು ನಿಂತು ಚೌಳಾದ ಗದ್ದೆಗಳನ್ನು ನಮ್ಮ ರೈತರು ಬಲ್ಲರು. ಕ್ಷಾರ ಹೆಚ್ಚಾದ ಅಂಥ ಮಣ್ಣಿಗೆ ಜಿಪ್ಸಂ ಹಾಕುತ್ತಾರೆ, ಗಂಧಕ ಹಾಕುವುದೂ ಉಂಟು. ಆ ಗಂಧಕವನ್ನು ಆಮ್ಲ ಮಾಡಿ ಮಣ್ಣು ಸುಧಾರಿಸುವುದು ಇದೇ ಬಳಗ. ಗದ್ದೆಯಲ್ಲಿ ಆಳಾಗಿ ದುಡಿಯುವುದೇ ಚರಂಡಿಯಲ್ಲಿ ಕಳ್ಳನಾಗುತ್ತದೆ. ಕೊಳಚೆಯನ್ನು ನಿಲ್ಲಿಸಿ, ಗಾಳಿಯಾಡದಂತೆ ಮುಚ್ಚಿ, ಅದಕ್ಕೆ ಹಬ್ಬದೂಟ ಬಡಿಸುವವರು ನಾವು.

ನಮ್ಮ ಜಿಲ್ಲೆಗೂ ಈ ಮಾತಿಗೂ ಇನ್ನೊಂದು ನಂಟಿದೆ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಕಾವೇರಿ ನೀರು ಹೋಗುತ್ತದೆ. 2024ರ ಅಕ್ಟೋಬರಿನಲ್ಲಿ ಐದನೆಯ ಹಂತಕ್ಕೆ ಚಾಲನೆ ಸಿಕ್ಕಾಗ ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚು ನೀರು ಎಂದು ಎಲ್ಲರೂ ಸಂತೋಷಪಟ್ಟರು. ಮನೆಗೆ ಬಂದ ನೀರಿನ ನೂರಕ್ಕೆ ಎಂಬತ್ತು ಭಾಗ ಕೊಳಚೆಯಾಗಿ ಹೊರಗೆ ಹೋಗುತ್ತದೆಂದು ಎಂಜಿನಿಯರುಗಳು ಲೆಕ್ಕ ಹಿಡಿಯುತ್ತಾರೆ. ನೀರು ಬರುವ ದಿನ ದೀಪ ಹಚ್ಚಿ ಉದ್ಘಾಟನೆ ಮಾಡುತ್ತೇವೆ. ಅದು ಹೋಗುವ ದಾರಿಯನ್ನು ಯಾರೂ ಕೇಳುವುದಿಲ್ಲ. ಮದ್ದೂರಿನ ಪಕ್ಕದಲ್ಲೇ ಹರಿಯುವ ಶಿಂಷೆ ಮುಂದೆ ಕಾವೇರಿಯನ್ನು ಸೇರುತ್ತದೆ. ನಡುವೆ ಶುದ್ಧೀಕರಣ ಘಟಕ ಕೆಟ್ಟರೆ ನಮ್ಮ ಕೊಳೆ ಕೆಳಗಿನವರ ಕೊಡಕ್ಕೇ ಬೀಳುವುದು. ಆ ಘಟಕಗಳಲ್ಲಿಯೂ ಮೊದಲು ಸವೆಯುವುದು ಕೊಳಚೆ ಬಂದು ಬೀಳುವ ಮುಚ್ಚಿದ ತೊಟ್ಟಿಯ ಸೂರೇ.

ಉಪಾಯಗಳೇನೋ ಇವೆ. ಕೊಳಚೆ ನಿಲ್ಲದಂತೆ ಇಳಿಜಾರು ಕೊಡುವುದು, ಗಾಳಿಯಾಡಲು ಬಿಡುವುದು, ಆಸಿಡ್ಡಿಗೆ ಜಗ್ಗದ ಸ್ಟೋನ್‌ವೇರ್ ಅಥವಾ ಪ್ಲಾಸ್ಟಿಕ್ ಕೊಳವೆ ಹಾಕುವುದು, ತೊಟ್ಟಿಯ ಸೂರಿಗೆ ಒಳಪದರ ಕೊಡುವುದು. ಎಲ್ಲಕ್ಕಿಂತ ಮೊದಲು ವರ್ಷಕ್ಕೊಮ್ಮೆಯಾದರೂ ಮುಚ್ಚಳ ಮಗುಚಿ ನೋಡುವುದು.

ಇಷ್ಟಾದರೆ ಇದು ಸಿಮೆಂಟಿನ ಕಥೆ. ಆದರೆ ಸೂರನ್ನು ತಿನ್ನುವ ಆಸಿಡ್ಡಿಗೆ ಮೂಲವಾದ ಅನಿಲವೇ ಮ್ಯಾನ್‌ಹೋಲಿಗೆ ಇಳಿದ ಮನುಷ್ಯನನ್ನು ಕೊಲ್ಲುವುದು. ಇದನ್ನೆಲ್ಲ ಒಂದು ದಿನ ಹತ್ತನೆಯ ತರಗತಿಯಲ್ಲಿ ಹೇಳುತ್ತಿದ್ದಾಗ ಮೂರನೆಯ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಮುಚ್ಚಳ ತೆಗ್ದು ಸ್ವಲ್ಪ ಹೊತ್ತು ಬುಟ್ರೆ ವಾಸ್ನೆ ಹೊಂಟೋಯ್ತದೆ, ಆಮೇಲೆ ಇಳೀಬೋದು ಅಂತಾರೆ ಮಿಸ್ ನಮ್ಮಪ್ಪ" ಎಂದ. ತರಗತಿ ಸುಮ್ಮನಾಯಿತು. ಅವರಪ್ಪನ ಕೆಲಸ ಏನೆಂದು ಆವರೆಗೆ ಅವನು ಯಾರಿಗೂ ಹೇಳಿರಲಿಲ್ಲ.

ಆ ಅನಿಲದ ಅತಿ ದೊಡ್ಡ ಮೋಸ ಅಲ್ಲೇ ಇದೆ. ಅದು ತುಂಬ ಕಡಿಮೆ ಇದ್ದಾಗ ಮೂಗಿಗೆ ಬಡಿಯುತ್ತದೆ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಅದು ನೂರು ಪಾಲಿನಷ್ಟಾದರೆ ಮೂಗು ಸತ್ತುಹೋಗುತ್ತದೆ, ವಾಸನೆಯೇ ತಿಳಿಯುವುದಿಲ್ಲ. ಏಳುನೂರು, ಸಾವಿರ ಪಾಲಾದರೆ ಒಂದೆರಡು ಉಸಿರಿಗೇ ಮನುಷ್ಯ ಕುಸಿಯುತ್ತಾನೆ. ಅವನನ್ನು ಎತ್ತಲು ಇಳಿದವನೂ ಅಲ್ಲೇ ಬೀಳುತ್ತಾನೆ. ದೀಪ ಇಳಿಸಿ ನೋಡುವುದರಿಂದಲೂ ಇದು ಗೊತ್ತಾಗದು; ಜೊತೆಗೆ ಮೀಥೇನ್ ಇದ್ದರೆ ಆ ದೀಪವೇ ಬೆಂಕಿ ಹೊತ್ತಿಸೀತು. ವಾಸನೆ ಹೋದ ಮಾತ್ರಕ್ಕೆ ವಿಷ ಹೋದಂತಲ್ಲ.

ಇದನ್ನು ಒಂದು ಹಾಳೆಯಲ್ಲಿ ಬರೆದು ಹುಡುಗನ ಕೈಯಲ್ಲಿ ಕಳಿಸಿದೆ. ಆ ಶನಿವಾರ ಅವನ ತಂದೆ ಶಾಲೆಗೆ ಬಂದರು. ಒಳಗೆ ಕರೆದರೂ ಬಾಗಿಲ ಹೊರಗೇ ನಿಂತರು. ಕುರ್ಚಿಯನ್ನು ಬಾಗಿಲಿಗೆ ತಂದು ಹಾಕಿದ ಮೇಲೆ ಕೂತರು. "ನೀವ್ ಬರ್ದಿದ್ದು ದಿಟ ಕಣವ್ವ. ಆದ್ರೆ ಇಳಿ ಅಂದಾಗ ಇಳೀದಿದ್ರೆ ನಾಳೆ ಬ್ಯಾರೆಯೋನ್ನ ಕರೀತಾರೆ" ಎಂದರು. ಕಾನೂನು ನಿಮ್ಮ ಕಡೆ ಇದೆಯಪ್ಪ ಎಂದೆ. "ಕಾನೂನು ನಮ್ ಕಡೆ ಅದೆ ಅವ್ವ, ಸಂಬ್ಳ ಅವರ ಕಡೆ ಅದೆ" ಎಂದು ನಕ್ಕರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಕಾನೂನಂತೂ ಇದೆ. ಮಲ ಹೊರುವ ಪದ್ಧತಿಯನ್ನು ನಮ್ಮ ರಾಜ್ಯದಲ್ಲಿ 1970ರ ದಶಕದಲ್ಲೇ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ನಿಷೇಧಿಸಿದರು. 2013ರ ಕೇಂದ್ರ ಕಾಯ್ದೆಯ ಪ್ರಕಾರ ರಕ್ಷಣೆಯಿಲ್ಲದೆ ಯಾರನ್ನೂ ಒಳಚರಂಡಿಗಾಗಲಿ ಸೆಪ್ಟಿಕ್ ಟ್ಯಾಂಕಿಗಾಗಲಿ ಇಳಿಸುವಂತಿಲ್ಲ. ಸತ್ತವರ ಮನೆಯವರಿಗೆ ಹತ್ತು ಲಕ್ಷ ರೂಪಾಯಿ ಕೊಡಬೇಕೆಂದು 2014ರಲ್ಲಿ ಹೇಳಿದ ಸುಪ್ರೀಂ ಕೋರ್ಟು, 2023ರ ಅಕ್ಟೋಬರಿನಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ಇದು ಸರ್ಕಾರದವರಿಗೆ, ಗುತ್ತಿಗೆದಾರರಿಗೆ ಹೇಳಿದ್ದು ಎಂದು ನಾವು ಸುಮ್ಮನಿರುತ್ತೇವೆ. ಆದರೆ 2013ರ ಕಾಯ್ದೆ ಮನೆಯ ಯಜಮಾನರನ್ನೂ ಹಿಡಿಯುತ್ತದೆ. ಹಬ್ಬದ ಹಿಂದಿನ ದಿನ ಚರಂಡಿ ಕಟ್ಟಿಕೊಂಡಾಗ "ಯಾರಾದ್ರೂ ಒಬ್ಬನ್ನ ಕರ್ಸಿ" ಎಂದು ಫೋನು ಮಾಡುವವರು ನಾವೇ. ಆ ಒಬ್ಬನ ಬದಲು ಯಂತ್ರ ಕಳಿಸಿ, ಇಲ್ಲದಿದ್ದರೆ ಎರಡು ದಿನ ತಡವಾಗಲಿ ಎಂದರೆ ಹಬ್ಬವೇನೂ ನಿಲ್ಲುವುದಿಲ್ಲ. ನಮ್ಮ ಬೀದಿಯಲ್ಲಿ ಈಗ ಹತ್ತು ಮನೆಯವರು ಹಾಗೆ ಹೇಳಲು ಒಪ್ಪಿದ್ದಾರೆ. ಉಳಿದ ಮನೆಗಳಿಗೂ ಹೋಗಬೇಕು.