ಮಾಳಿಗೆಯ ಪದ

ಕನ್ನಡದಲ್ಲಿ ಎಂ.ಎ. ಮಾಡಿಕೊಂಡವರಿಗೆ ತಗಲುವ ಜಾಡ್ಯವೊಂದುಂಟು. ಯಾವ ಪದ್ಯ ಕಿವಿಗೆ ಬಿದ್ದರೂ ಅದರ ಅರ್ಥ ತಮಗೊಬ್ಬರಿಗೇ ಗೊತ್ತು ಎಂಬ ಭ್ರಮೆ ಅದು. ನಾನೂ ಈ ಜಾಡ್ಯದಿಂದ ಬಹುಕಾಲ ನರಳಿದವನು. ಅದಕ್ಕೆ ಚಿಕಿತ್ಸೆ ದೊರೆತದ್ದು ಕಳೆದ ಮಳೆಗಾಲದಲ್ಲಿ, ಘಾಟಬೋರಾಳದ ನಮ್ಮ ಮನೆಯಲ್ಲಿಯೇ. ವೈದ್ಯರು ಇಬ್ಬರು: ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ನಮ್ಮ ತಂದೆ ಮತ್ತು ನನ್ನ ತರಗತಿಯ ಕಡೆಯ ಬೆಂಚಿನ ಹುಡುಗನೊಬ್ಬ.

ಅಂದು ಪದವಿ ತರಗತಿಯಲ್ಲಿ ಶಿಶುನಾಳ ಶರೀಫರ ಪಾಠವಿತ್ತು. ಸೋರುವ ಮಾಳಿಗೆಯ ಪದ ಯಾರಿಗೆ ಬರುತ್ತದೆ ಎಂದು ಕೇಳಿದೆ. ಯಾರೂ ಏಳಲಾರರೆಂಬ ಧೈರ್ಯದಿಂದಲೇ ಕೇಳಿದ್ದೆ. ಆದರೆ ಆ ಹುಡುಗ ಎದ್ದು ನಿಂತು, ಬೆರಳಿನಿಂದ ಬೆಂಚಿನ ಮೇಲೆ ತಾಳ ಹಾಕುತ್ತ ಹಾಡಿಯೇಬಿಟ್ಟ. ಧಾಟಿ ಏಕತಾರಿಯದಲ್ಲ, ಗಿಟಾರು, ಡ್ರಮ್ಮುಗಳ ರಾಕ್ ಧಾಟಿ. ಹುಡುಗರು ನಕ್ಕರು. ನಾನೂ ನಕ್ಕು, “ಇದು ತತ್ವಪದವಲ್ಲಪ್ಪಾ, ತಮಾಷೆ. ಕುಳಿತುಕೋ” ಎಂದೆ. ನಗೆ ಇಮ್ಮಡಿಸಿತು. ಅವನು ತಲೆ ತಗ್ಗಿಸಿ ಕುಳಿತ. ಮಾಳಿಗೆಯೆಂದರೆ ಸಾಧಕನ ಮನಸ್ಸೆಂದೂ ಮಳೆಯೆಂದರೆ ಸಂಸಾರದ ಮಾಯೆಯೆಂದೂ ಉಳಿದ ಹೊತ್ತೆಲ್ಲ ನಾನು ಟಿಪ್ಪಣಿ ಬರೆಸಿದೆ.

ಆ ಧಾಟಿ ನನಗೆ ಅಪರಿಚಿತವೇನಲ್ಲ. 2008ರಲ್ಲಿ ಬೆಂಗಳೂರಿನ ‘ರಘು ದೀಕ್ಷಿತ್ ಪ್ರಾಜೆಕ್ಟ್’ ತಂಡದ ಮೊದಲ ಆಲ್ಬಮ್ ‘ಅಂತರಾಗ್ನಿ’ ಹೊರಬಂದಾಗ ನಾನು ಕಲಬುರಗಿಯಲ್ಲಿ ಓದುತ್ತಿದ್ದೆ. ನಮ್ಮ ದೇಶದಲ್ಲಿ ಹಾಡೆಂದರೆ ಬಹುಮಟ್ಟಿಗೆ ಸಿನಿಮಾದ ಹಾಡು. ಆ ಹಂಗಿಲ್ಲದೆ ತಮ್ಮ ಹಾಡನ್ನು ತಾವೇ ಕಟ್ಟುವ ತಂಡಗಳಿಗೆ ಧ್ವನಿಮುದ್ರಣದ ಕಂಪನಿಗಳು ಬಾಗಿಲು ತೆರೆಯುವುದು ಅಪರೂಪ. ಮೈಸೂರಿನಲ್ಲಿ ಬೆಳೆದು, ಸೂಕ್ಷ್ಮಜೀವಿಶಾಸ್ತ್ರ ಓದಿ, ಭರತನಾಟ್ಯವನ್ನೂ ಕಲಿತಿದ್ದ ರಘು ದೀಕ್ಷಿತರು ವರ್ಷಗಟ್ಟಲೆ ಅಲೆಯಬೇಕಾಯಿತು. ವಿನೋದವೆಂದರೆ, ಕಡೆಗೆ ಅವರ ಆಲ್ಬಮನ್ನು ಹೊರತಂದವರು ಹಿಂದಿ ಚಿತ್ರರಂಗದವರೇ ಆದ ವಿಶಾಲ್–ಶೇಖರ್ ಎಂಬ ಸಂಗೀತ ನಿರ್ದೇಶಕರ ಜೋಡಿ. ಅದರಲ್ಲಿ ಹೆಚ್ಚಿನವು ಹಿಂದಿ ಹಾಡುಗಳು, ಇಂಗ್ಲಿಷೂ ಇತ್ತು. ಇವುಗಳ ನಡುವೆ ಶರೀಫರ ಎರಡು ಪದಗಳು: ಒಂದು ಗುಡಗುಡಿಯದು, ಇನ್ನೊಂದು ಈ ಮಾಳಿಗೆಯದು.

ವಸತಿಗೃಹದ ಗೆಳೆಯರು ಅವನ್ನು ಹಗಲೂ ರಾತ್ರಿ ಕೇಳಿದರು. ನಾನು ಮಾತ್ರ ಮೂಗು ಮುರಿದೆ. ಒಂದೇ ಎಲೆಯಲ್ಲಿ ಮೂರು ಭಾಷೆ ಬಡಿಸುವುದೇ? ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಕುಣಿಯುತ್ತ ತತ್ವ ಹೇಳುವುದೇ? 2010ರಲ್ಲಿ ಈ ತಂಡ ಬಿಬಿಸಿಯಲ್ಲಿ ಜೂಲ್ಸ್ ಹಾಲೆಂಡರ ಕಾರ್ಯಕ್ರಮದಲ್ಲಿ ಹಾಡಿತು. ಆ ಬಳಿಕ ಆಲ್ಬಮ್ ಬ್ರಿಟನ್ನಿನ ಐಟ್ಯೂನ್ಸ್ ವಿಶ್ವಸಂಗೀತದ ಪಟ್ಟಿಯಲ್ಲಿ ಮೊದಲನೆಯ ಸ್ಥಾನಕ್ಕೇರಿತು. 2011ರಲ್ಲಿ ‘ಸಾಂಗ್‌ಲೈನ್ಸ್’ ಪತ್ರಿಕೆ ಹೊಸಬರಿಗೆಂದು ಕೊಡುವ ಪ್ರಶಸ್ತಿಯೂ ಬಂದಿತು. “ಕನ್ನಡದ ಒಂದಕ್ಷರ ಬಾರದವರ ಚಪ್ಪಾಳೆಗೆ ಏನು ಬೆಲೆ?” ಎಂದು ನಾನು ವಾದಿಸಿದ್ದೆ.

ಅದಿರಲಿ. ಅಂದು ಸಂಜೆ ಮನೆಗೆ ಬಂದಾಗ ಮಳೆ ಹಿಡಿದಿತ್ತು. ತರಗತಿಯ ಪ್ರಸಂಗವನ್ನು ತಂದೆಗೆ ರಸವತ್ತಾಗಿ ವರ್ಣಿಸಿದೆ. ಊರ ಭಜನೆಯಲ್ಲಿ ನಾಲ್ಕು ದಶಕ ಏಕತಾರಿ ಹಿಡಿದವರು; ನನ್ನ ಪಕ್ಷವನ್ನೇ ವಹಿಸುವರೆಂದು ನಂಬಿದ್ದೆ.

“ಹುಡುಗ ನುಡಿ ತಪ್ಪಿದನೇನು?” ಎಂದರು.

“ಇಲ್ಲಪ್ಪಾ.”

“ಮತ್ತ್ಯಾಕ ಕೂಡ್ರಿಸಿದಿ? ನಿನಗ ಪೂರಾ ಬರ್ತದೇನು ಆ ಪದ?”

ನಾನು ನಿರುತ್ತರನಾದೆ. ಪುಸ್ತಕವಿಲ್ಲದೆ ನನಗೆ ಎರಡನೆಯ ನುಡಿ ದಾಟುತ್ತಿರಲಿಲ್ಲ.

ತಂದೆ ಆ ಹಾಡನ್ನು ಕೇಳಬೇಕೆಂದರು. ಮೊಬೈಲಿನಲ್ಲಿ ಹಚ್ಚಿಕೊಟ್ಟೆ. ಕಣ್ಣು ಮುಚ್ಚಿ ಕೇಳಿದರು, ಮತ್ತೊಮ್ಮೆ ಹಚ್ಚೆಂದರು. “ಗದ್ದಲ ಭಾಳ ಅದ. ಆದರ ಮಾಳಗಿ ಸೋರೋದು ಕೇಳಸ್ತದ” ಎಂದರು. ಸ್ವಲ್ಪ ತಡೆದು, “ಅಶ್ವತ್ಥ್ ಹಾಡಿದ್ದು ಸಿನಿಮಾದಾಗ ಬಂದಾಗ ನಮ್ಮ ಭಜನಿ ಮಂದೀನೂ ಹಿಂಗೇ ಮುನಿದಿದ್ದರು. ಆಮ್ಯಾಲ ಅವರೇ ಆ ಧಾಟ್ಯಾಗ ಹಾಡಲತ್ತಿದ್ದರು” ಎಂದು ನಕ್ಕರು. ಸಿ. ಅಶ್ವತ್ಥರ ಸಂಗೀತದ ‘ಸಂತ ಶಿಶುನಾಳ ಶರೀಫ’ ತೆರೆಗೆ ಬಂದದ್ದು 1990ರಲ್ಲಿ. ಇಂದು ತರಗತಿಯಲ್ಲಿ ನಾನು ‘ಶುದ್ಧ’ವೆಂದು ಹೊಗಳುವ ಧಾಟಿ ಅದೇ!

ಮಳೆ ಜೋರಾಯಿತು. ಈಗ ನಮ್ಮದು ಸಿಮೆಂಟಿನ ಛಾವಣಿ. ನಾನು ಚಿಕ್ಕವನಿದ್ದಾಗ ಈ ಸೀಮೆಯ ಎಲ್ಲ ಮನೆಗಳಂತೆ ಮಣ್ಣಿನ ಮಾಳಿಗೆಯಿತ್ತು. ಹಿಡಿದ ಮಳೆಯ ರಾತ್ರಿ ಅವ್ವ ಕೊಡ, ಬೋಗುಣಿ, ತಪ್ಪೇಲಿಗಳನ್ನು ಅಲ್ಲಲ್ಲಿ ಇಡುತ್ತಿದ್ದಳು. ಒಂದೊಂದು ಪಾತ್ರೆಗೂ ಒಂದೊಂದು ದನಿ. ತಂದೆ ತಲೆಗೆ ಗೋಣಿಚೀಲ ಹೊದ್ದು, ಕತ್ತಲಲ್ಲಿ ಮಾಳಿಗೆಯೇರಿ, ಸೋರುವೆಡೆಗೆ ಮಣ್ಣು ಹಾಕಿ ತುಳಿಯುತ್ತಿದ್ದರು. ನಾನು ಕೆಳಗೆ ಕಂದೀಲು ಹಿಡಿದು ನಿಲ್ಲುತ್ತಿದ್ದೆ. ಮೇಲಿನಿಂದ ತುಳಿತದ ಸದ್ದಿನೊಡನೆ ಇದೇ ಪದ ಗಟ್ಟಿಯಾಗಿ ಕೇಳಿಬರುತ್ತಿತ್ತು. ಅಪ್ಪ ಹಾಡುತ್ತಿದ್ದಾನೆಂದರೆ ಜಾರಿ ಬಿದ್ದಿಲ್ಲ ಎಂದು ಅವ್ವನಿಗೆ ಸಮಾಧಾನ. ಆ ಹಾಡಿಗೂ ಕುಣಿತವೇ ತಾಳವಾಗಿತ್ತಲ್ಲವೇ? ಇದೊಂದೂ ನನ್ನ ಟಿಪ್ಪಣಿಯಲ್ಲಿ ಇರಲಿಲ್ಲ.

ಮೂರು ಭಾಷೆಗಳ ಮೇಲಿನ ನನ್ನ ಆಕ್ಷೇಪವೂ ಅಂದಿನ ರಾತ್ರಿ ಸಡಿಲವಾಯಿತು. ನಮ್ಮ ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ ನೆಲೆಸಿದ್ದ ಮಾಣಿಕಪ್ರಭುಗಳು ಹುಟ್ಟಿದ್ದು 1817ರಲ್ಲಿ. ಶರೀಫರಿಗಿಂತ ಎರಡೇ ವರ್ಷ ಹಿರಿಯರು. ಅವರು ಮರಾಠಿ, ಕನ್ನಡ, ಹಿಂದಿಗಳಲ್ಲಿ ಪದ ಕಟ್ಟಿದರು. ಆ ಪದಗಳನ್ನು ಕೇಳುತ್ತಲೇ ಬೆಳೆದ ನಾನು ಒಂದು ಆಲ್ಬಮ್ಮಿನ ಮೂರು ಭಾಷೆಗೆ ಮುನಿದದ್ದು ಯಾವ ನ್ಯಾಯ? ಇನ್ನು ಬ್ರಿಟನ್ನಿನವರ ಚಪ್ಪಾಳೆ. ಅವರಿಗೆ ಮಾತು ತಿಳಿಯದೆ ದನಿಯಾದರೂ ಮುಟ್ಟಿತ್ತು. ನನಗೆ ಮಾತು ತಿಳಿದಿತ್ತು, ದನಿ ಮರೆತುಹೋಗಿತ್ತು.

ಮರುದಿನ ತರಗತಿಯಲ್ಲಿ, ನಿನ್ನೆ ತಪ್ಪಿದವನು ನಾನೇ ಎಂದು ಎಲ್ಲರೆದುರಿಗೆ ಹೇಳಿ, ಆ ಹುಡುಗನನ್ನು ಮತ್ತೆ ಹಾಡಲು ಕೇಳಿದೆ. ಅವನು ಏಳಲಿಲ್ಲ. “ಬ್ಯಾಡ್ರಿ ಸರ, ಮಂದಿ ನಗ್ತಾರ” ಎಂದ. ಆಡಿದ ಮಾತನ್ನು ಹಿಂದಕ್ಕೆ ಪಡೆಯುವುದು ಎಷ್ಟು ಕಷ್ಟವೆಂಬುದು ಆಗ ತಿಳಿಯಿತು.

ಭಾನುವಾರ ಅವನನ್ನು ಮನೆಗೆ ಕರೆತಂದೆ. ತಂದೆಯ ಕೈಯಲ್ಲಿ ಏಕತಾರಿಯನ್ನು ಕಂಡು ಅವನ ಮುಖ ಅರಳಿತು. ಹಾಡಿದ. ತಂದೆ ಕೇಳಿ, “ಇಷ್ಟ್ಯಾಕ ಅವಸರ? ನಿಧಾನ ಹೇಳು” ಎಂದರು. “ನೀವೇ ಹೇಳಿಕೊಡ್ರಿ ಮುತ್ಯಾ” ಎಂದು ಅವನು ಹತ್ತಿರ ಸರಿದು ಕುಳಿತ. ಮೂರನೆಯ ನುಡಿಗೆ ತಂದೆಯ ದನಿ ಒಡೆಯಿತು. ಹುಡುಗ ಅಲ್ಲಿಂದ ಎತ್ತಿಕೊಂಡು ಮುಂದೆ ನಡೆಸಿದ.

ನನ್ನ ಕೈಗೆ ತಾಳ ಕೊಟ್ಟರು. ಎರಡು ಸಲ ತಪ್ಪಿದೆ. ಯಾರೂ ನಗಲಿಲ್ಲ.