ಐದನೆಯವನ ಪಾಲು

ಡೋಟಾ ಎಂಬ ಕಂಪ್ಯೂಟರ್ ಆಟದಲ್ಲಿ ಚಿನ್ನ ಸಿಗುವುದು ಕೊನೆಯ ಏಟು ಕೊಟ್ಟವನಿಗೆ. ಎದುರಾಳಿಯ ಕಾಲಾಳನ್ನು ಅದುವರೆಗೆ ನೀವೆಷ್ಟು ಹೊಡೆದಿರಿ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವನ ಪ್ರಾಣ ಹೋಗುವ ಗಳಿಗೆಯಲ್ಲಿ ಯಾರ ಏಟು ಬಿತ್ತೋ ಚಿನ್ನ ಅವರ ಚೀಲಕ್ಕೆ. ತಂಡದಲ್ಲಿ ಐದು ಜನ. ನಕ್ಷೆಯ ಮೇಲೆ ದುಡಿದುಕೊಳ್ಳಲು ಇರುವ ಚಿನ್ನ ಅಷ್ಟಕ್ಕಷ್ಟೆ. ಐವರೂ ಸಮನಾಗಿ ಹಂಚಿಕೊಂಡರೆ ಯಾರೂ ಸರಿಯಾಗಿ ಬಲಿಯುವುದಿಲ್ಲ, ತಂಡ ಸೋಲುತ್ತದೆ. ಅದಕ್ಕೇ ಆಟಗಾರರು ತಾವಾಗಿಯೇ ಒಂದರಿಂದ ಐದರವರೆಗೆ ಸ್ಥಾನಗಳನ್ನು ಮಾಡಿಕೊಂಡಿದ್ದಾರೆ. ಒಂದನೆಯವನು ಕ್ಯಾರಿ, ಚಿನ್ನದ ದೊಡ್ಡ ಪಾಲು ಅವನದು, ಕೊನೆಯಲ್ಲಿ ತಂಡವನ್ನು ಹೊತ್ತು ಗೆಲ್ಲಿಸುವ ಹೊಣೆಯೂ ಅವನದೇ. ಐದನೆಯವನು ಸಪೋರ್ಟ್. ಎಲ್ಲರೂ ತೆಗೆದುಕೊಂಡ ಮೇಲೆ ಉಳಿದದ್ದು ಅವನ ಪಾಲು.

ಈ ಐದನೆಯವನ ದುಡಿಮೆಯನ್ನು ನೋಡಬೇಕು. ಕ್ಯಾರಿಯ ಪಕ್ಕದಲ್ಲೇ ನಿಂತು ಅವನನ್ನು ಕಾಯುತ್ತಾನೆ, ಆದರೆ ಕೊನೆಯ ಏಟಿಗೆ ಕೈ ಹಾಕುವುದಿಲ್ಲ. ಕತ್ತಲ ಕಾಡಿಗೆ ಒಬ್ಬನೇ ಹೋಗಿ ವಾರ್ಡ್ ನೆಟ್ಟು ಬರುತ್ತಾನೆ. ಆ ವಾರ್ಡ್ ಇದ್ದರೆ ಮಾತ್ರ ಎದುರಾಳಿ ಎಲ್ಲಿಂದ ಬರುತ್ತಿದ್ದಾನೆ ಎಂಬುದು ಉಳಿದ ನಾಲ್ವರಿಗೆ ಕಾಣುತ್ತದೆ. ಹಿಂದಿನ ದಿನಗಳಲ್ಲಿ ಆ ವಾರ್ಡನ್ನೂ, ಸಾಮಾನು ಹೊತ್ತು ತರುವ ಕೊರಿಯರನ್ನೂ ಅವನೇ ತನ್ನ ಚಿಲ್ಲರೆ ಚಿನ್ನದಲ್ಲಿ ಕೊಳ್ಳಬೇಕಿತ್ತು. ಇಬ್ಬರಲ್ಲಿ ಒಬ್ಬರು ಸಾಯಲೇಬೇಕು ಎಂಬಂಥ ಇಕ್ಕಟ್ಟಿನಲ್ಲಿ ಸಾಯುವವನೂ ಅವನೇ. ನಲವತ್ತು ನಿಮಿಷದ ಹೊತ್ತಿಗೆ ಕ್ಯಾರಿಯ ಬಳಿ ಆರಕ್ಕೆ ಆರು ಆಯುಧಗಳು ತುಂಬಿರುತ್ತವೆ; ಐದನೆಯವನ ಬಳಿ ಒಂದು ಜೊತೆ ಬೂಟು, ಒಂದು ಮಂತ್ರದಂಡ ಇದ್ದರೆ ಹೆಚ್ಚು.

ಈ ಆಟವನ್ನು ವರ್ಷಗಟ್ಟಲೆ ಆಡಿ, ಅದಕ್ಕಿಂತ ಹೆಚ್ಚಾಗಿ ನೋಡಿ, ನನ್ನಲ್ಲಿ ಒಂದು ನಂಬಿಕೆ ಗಟ್ಟಿಯಾಗಿದೆ. ಸ್ಪರ್ಧೆಯ ಜಗತ್ತಿನಲ್ಲಿ ಗುರುವಾಗಬಲ್ಲವನು ತನ್ನ ಕೈಗೆಟುಕುವ ಕೊನೆಯ ಏಟನ್ನು ತಿಳಿದೂ ಬಿಟ್ಟುಕೊಡಬಲ್ಲವನು. ಅದು ಆಗದವನು ಎಷ್ಟೇ ದೊಡ್ಡ ಆಟಗಾರನಾಗಿರಲಿ, ಅವನ ವಿದ್ಯೆ ಅವನೊಂದಿಗೇ ಮುಗಿಯುತ್ತದೆ.

ಬಿಟ್ಟುಕೊಡುವುದು ಯಾಕಿಷ್ಟು ಕಷ್ಟ? 2013ರ ಡಿಸೆಂಬರ್‌ನಲ್ಲಿ ಡೋಟಾ 2ಕ್ಕೆ ರ‍್ಯಾಂಕ್ ಪಂದ್ಯಗಳು ಬಂದವು. ಅವುಗಳ ಜೊತೆ ಎಂಎಂಆರ್ ಎಂಬ ಅಂಕ ಪ್ರತಿ ಆಟಗಾರನ ಕಣ್ಣೆದುರು ಬಂದು ಕುಳಿತಿತು. ಗೆದ್ದರೆ ಸುಮಾರು 25 ಏರಿಕೆ, ಸೋತರೆ ಸುಮಾರು ಅಷ್ಟೇ ಇಳಿಕೆ. 2017ರಲ್ಲಿ ಹೆರಾಲ್ಡ್, ಗಾರ್ಡಿಯನ್, ಕ್ರುಸೇಡರ್ ಎಂದು ಮೆಟ್ಟಿಲು ಮೆಟ್ಟಿಲಾಗಿ ಪದಕಗಳೂ ಬಂದವು. ಗುರುತು ಪರಿಚಯವಿಲ್ಲದ ನಾಲ್ವರ ಜೊತೆ ಮುಕ್ಕಾಲು ಗಂಟೆ ಕಳೆದು ಸೋತಾಗ ಆ ಅಂಕ ಕೆಳಗಿಳಿಯುತ್ತದೆ. ಇಳಿದದ್ದು ಒಂದು ಅಂಕಿ ಮಾತ್ರ. ನೋಡುವವನಿಗೆ ತಾನೇ ಇಳಿದಂತೆ ಅನಿಸುತ್ತದೆ. ಆ ಉರಿಗೆ ಯಾರಾದರೊಬ್ಬರು ಹೊಣೆಯಾಗಬೇಕು, ಹೊಣೆ ಹೊರಿಸಲು ನಾಲ್ಕು ಹೆಸರುಗಳು ಎದುರಿಗೇ ಇವೆ. ಅಲ್ಲಿಂದ ಬೈಗುಳ ಶುರುವಾಗುತ್ತದೆ. ಎಲ್ಲೋ ಕುಳಿತ ಹದಿನಾರರ ಹುಡುಗನ ತಾಯಿಯನ್ನು ಇನ್ನೆಲ್ಲೋ ಕುಳಿತ ಮೂವತ್ತರ ಗಂಡಸು ಬಾಯಿಗೆ ಬಂದಂತೆ ಬೈಯುತ್ತಾನೆ. ನೂರು ಪಂದ್ಯಗಳಾದರೆ ಜೊತೆಗಾರರು ನೂರು ಸಲ ಬದಲಾಗುತ್ತಾರೆ, ಎಲ್ಲ ಪಂದ್ಯದಲ್ಲೂ ಇರುವವನು ತಾನೊಬ್ಬನೇ. ಈ ಸರಳ ಲೆಕ್ಕ ಅಹಂಕಾರಕ್ಕೆ ಹತ್ತುವುದಿಲ್ಲ.

ಹೊಸದಾಗಿ ಬಂದವರ ಮೇಲೆ ಹೆಚ್ಚು ಹರಿಹಾಯುವವರು ಯಾರು ಎಂಬುದನ್ನೂ ಗಮನಿಸಿದ್ದೇನೆ. ತೀರಾ ಮೇಲಿರುವವರು ಅಲ್ಲ, ತೀರಾ ಕೆಳಗಿರುವವರೂ ಅಲ್ಲ. ನಡುವಿನ ಮೆಟ್ಟಿಲಲ್ಲಿ ಸಿಕ್ಕಿಕೊಂಡವರು. ಮೇಲೆ ಹೋಗಲಾಗದ ಸಂಕಟ ಅವರಲ್ಲಿ ಕೆಳಗಿನವರ ಮೇಲಿನ ಸಿಟ್ಟಾಗಿ ತಿರುಗುತ್ತದೆ. ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಅಹಂಕಾರವಿದೆ, ಅದು ಕಲಿಸುವವನ ವೇಷದಲ್ಲಿ ಬರುತ್ತದೆ. ಯುದ್ಧದ ನಡುವೆ, ಹುಡುಗನ ಹತ್ತು ಬೆರಳೂ ಕೀಬೋರ್ಡಿನ ಮೇಲೆ ಓಡಾಡುತ್ತಿರುವಾಗ, ಹೀಗೆ ಮಾಡಬೇಕಿತ್ತು, ಹಾಗೆ ಮಾಡಬೇಕಿತ್ತು ಎಂದು ಮೈಕಿನಲ್ಲಿ ಸುರಿಯುತ್ತಲೇ ಇರುತ್ತದೆ. ಹೇಳಿದ್ದು ಸರಿಯೇ ಇರಬಹುದು. ಆದರೆ ಆ ಹೊತ್ತಿನಲ್ಲಿ ಅದು ಕೇಳುವವನಿಗೆ ಉಪಯೋಗವಿಲ್ಲ. ನನಗೆ ಗೊತ್ತಿತ್ತು ಎಂದು ಉಳಿದವರ ಮುಂದೆ ಸಾಬೀತಾಗುವುದಷ್ಟೇ ಅದರ ಲಾಭ. ಒಂದು ಬುದ್ಧಿಮಾತಿನಿಂದ ಯಾರಿಗೆ ಒಳ್ಳೆಯದಾಯಿತು ಎಂದು ಕೇಳಿಕೊಂಡರೆ ಅದು ಪಾಠವೋ ಪ್ರದರ್ಶನವೋ ತಿಳಿದುಬಿಡುತ್ತದೆ.

ನಮ್ಮ ಗುಂಪಿನಲ್ಲಿ ಹುಬ್ಬಳ್ಳಿಯ ಒಬ್ಬರಿದ್ದರು. ಎಲ್ಲರಿಗಿಂತ ಹಿರಿಯರು, ಎಲ್ಲರಿಗಿಂತ ಚೆನ್ನಾಗಿ ಆಡುವವರು. ಸಿಂಗಪುರದ ಸರ್ವರ್‌ನಲ್ಲಿ, ಆಗಾಗ ತಡವರಿಸುವ ಇಂಟರ್‌ನೆಟ್ಟಿನಲ್ಲಿ, ರಾತ್ರಿ ಊಟವಾದ ಮೇಲೆ ನಾವು ಸೇರುತ್ತಿದ್ದೆವು. ಅವರು ಯಾವಾಗಲೂ ಐದನೇ ಸ್ಥಾನವನ್ನೇ ತೆಗೆದುಕೊಳ್ಳುತ್ತಿದ್ದರು. ಆಟ ನಡೆಯುವಾಗ ಅವರ ಮಾತು ಬಹಳ ಕಡಿಮೆ: ‘ಹಿಂದ ಬಾ’, ‘ಹೊಡಿ’, ‘ನಾ ಅದೀನಿ’. ಮುಗಿದ ಮೇಲೆ ರಿಪ್ಲೇ ತೆರೆದು, ನಮ್ಮ ಕ್ಯಾರಿಯಾದ ಮಂಡ್ಯದ ಹುಡುಗನನ್ನು ಮಾತಿಗೆಳೆಯುತ್ತಿದ್ದರು.

‘ತಮ್ಮಾ, ನೀ ಸತ್ತಿದ್ದಕ್ಕ ಏನೂ ಅನ್ನೂದಿಲ್ಲ. ಸಾಯೂಕಿಂತ ಹತ್ತು ಸೆಕೆಂಡ್ ಮೊದ್ಲ ಮ್ಯಾಪ್‌ನ್ಯಾಗ ಏನ್ ಕಾಣ್ತಿತ್ತು, ಹೇಳು ನೋಡೂಣು.’

‘ಅವರ ಕಡೆ ಮೂರು ಜನ ಕಾಣ್ತಾನೇ ಇರ್ಲಿಲ್ಲ ಅಣ್ಣ.’

‘ಕಾಣದವ್ರು ಎಲ್ಲಿರ್ತಾರ?’

ಹುಡುಗ ಸ್ವಲ್ಪ ಹೊತ್ತು ಯೋಚಿಸಿ, ‘ನನ್ ಹತ್ರಾನೇ ಅಣ್ಣ’ ಎಂದ.

‘ಹಾಂ, ಅಷ್ಟ. ಇವತ್ತಿಗೆ ಇಷ್ಟು ಸಾಕು.’

ಆ ಪಂದ್ಯದಲ್ಲಿ ತಿದ್ದಬೇಕಾದ ವಿಷಯಗಳು ಇನ್ನೂ ಬೇಕಾದಷ್ಟು ಇದ್ದವು. ಅವರು ತೆಗೆದದ್ದು ಒಂದನ್ನೇ. ಉತ್ತರವನ್ನೂ ಹುಡುಗನ ಬಾಯಿಂದಲೇ ಬರಿಸಿದರು. ಕಲಿಯುವವನಿಗೂ ಅಹಂಕಾರವಿರುತ್ತದೆ. ಹೊರಗಿನಿಂದ ಬಂದ ತಿದ್ದುಪಡಿ ಅವನಿಗೆ ಅವಮಾನದಂತೆ ಕೇಳಿಸುತ್ತದೆ, ತಾನೇ ಕಂಡುಕೊಂಡದ್ದು ಸ್ವಂತ ಗಳಿಕೆಯಾಗುತ್ತದೆ. ಹುಬ್ಬಳ್ಳಿಯ ಅಣ್ಣನಿಗೆ ಇದು ಚೆನ್ನಾಗಿ ಗೊತ್ತಿತ್ತು.

ಇದೇ ಗುಣ ಜಗತ್ತಿನ ಅತಿ ದೊಡ್ಡ ವೇದಿಕೆಯ ಮೇಲೆ ಗೆದ್ದದ್ದನ್ನೂ ನಾನು ನೋಡಿದ್ದೇನೆ. ಡೆನ್ಮಾರ್ಕಿನ ಯೋಹಾನ್ ಸುಂಡ್‌ಸ್ಟೈನ್, ಆಟದ ಜಗತ್ತು ನೋಟೇಲ್ ಎಂದು ಕರೆಯುವ ಆಟಗಾರ, 2015ರಲ್ಲಿ ಗೆಳೆಯರ ಜೊತೆ ಸೇರಿ ಒಜಿ ಎಂಬ ತಂಡ ಕಟ್ಟಿದ. ಆ ವರ್ಷ ಫ್ರಾಂಕ್‌ಫರ್ಟ್ ಮೇಜರ್ ಎಂಬ ದೊಡ್ಡ ಪಂದ್ಯಾವಳಿ ಗೆದ್ದಾಗ ಅವನು ತಂಡದ ಕ್ಯಾರಿ. ತಂಡ ನಾಲ್ಕು ಮೇಜರ್‌ಗಳನ್ನು ಗೆದ್ದಿತು. ಆದರೆ 2018ರ ಮೇ ಕೊನೆಯಲ್ಲಿ, ವರ್ಷದ ಮಹಾಪಂದ್ಯ ‘ದಿ ಇಂಟರ್‌ನ್ಯಾಷನಲ್’ಗೆ ಮೂರು ತಿಂಗಳೂ ಇಲ್ಲದಾಗ, ತಂಡ ಒಡೆಯಿತು. ಅವನ ಹಳೆಯ ಗೆಳೆಯ, ನಾಯಕ ಫ್ಲೈ, ಎಸ್4 ಎಂಬ ಇನ್ನೊಬ್ಬ ಆಟಗಾರನ ಜೊತೆ ಎದುರಾಳಿ ತಂಡಕ್ಕೆ ಹೋದ. ಉಳಿದವರು ನೋಟೇಲ್ ಮತ್ತು ಜೆರಾಕ್ಸ್ ಎಂಬ ಆಟಗಾರ. ಅದುವರೆಗೆ ಕೋಚ್ ಆಗಿದ್ದ ಫ್ರಾನ್ಸಿನ ಸೆಬಾಸ್ಟಿಯನ್ ದೆಬ್ಸ್, ಅಂದರೆ ಸೆಬ್, ತಾನೇ ಆಟಕ್ಕಿಳಿದ. ಬಿಡುವು ತೆಗೆದುಕೊಂಡಿದ್ದ ಆಸ್ಟ್ರೇಲಿಯಾದ ಹುಡುಗ ಆನಾ ಮರಳಿದ. ನಕ್ಷೆಯ ನಡುವಿನ ಹಾದಿಗೆ ಫಿನ್ಲೆಂಡಿನ ಇಪ್ಪತ್ತರ ಟಾಪ್ಸನ್ ಬಂದ. ದೊಡ್ಡ ವೇದಿಕೆಯ ಅನುಭವವೇ ಇಲ್ಲದ ಹುಡುಗ.

ಹೊಸ ತಂಡದಲ್ಲಿ ಹಿರಿಯ ನೋಟೇಲ್ ತನಗೆ ಇಟ್ಟುಕೊಂಡದ್ದು ಐದನೇ ಸ್ಥಾನ. ಕ್ಯಾರಿಯಾಗಿ ಮೇಜರ್ ಗೆದ್ದವನು ಆನಾನಿಗಾಗಿ ವಾರ್ಡ್ ನೆಡತೊಡಗಿದ. ಕೋಚ್ ಆಗಿದ್ದವನು ತನ್ನ ಶಿಷ್ಯರ ಪಕ್ಕದಲ್ಲೇ ಕೂತು, ಸೋತರೆ ತನ್ನದೂ ಸೋಲೆಂದು ಒಪ್ಪಿ ಆಡಿದ. ಯಾರು ಬೇಕಾದರೂ ಸೇರಬಹುದಾದ ಮುಕ್ತ ಅರ್ಹತಾ ಸುತ್ತಿನಿಂದ ಮೇಲೆದ್ದು ತಂಡ ಆಗಸ್ಟ್‌ನಲ್ಲಿ ವ್ಯಾಂಕೂವರ್ ತಲುಪಿತು. ಅಲ್ಲಿ ಫೈನಲ್‌ಗೆ ಹೋಗುವ ದಾರಿಯಲ್ಲಿ ಫ್ಲೈಯ ಹೊಸ ತಂಡವನ್ನೂ ಸೋಲಿಸಿತು. ಅಂತಿಮ ಪಂದ್ಯದಲ್ಲಿ ಚೀನಾದ ಪಿಎಸ್‌ಜಿ ಎಲ್‌ಜಿಡಿ ವಿರುದ್ಧ 1–2ರಿಂದ ಹಿಂದೆ ಬಿದ್ದು, 3–2ರಿಂದ ಗೆದ್ದಿತು. ಮರುವರ್ಷ ಶಾಂಘೈನಲ್ಲಿ ಅದೇ ಐವರು ಮತ್ತೆ ಗೆದ್ದರು. ದಿ ಇಂಟರ್‌ನ್ಯಾಷನಲ್ ಅನ್ನು ಎರಡು ಬಾರಿ ಗೆದ್ದ ಮೊದಲ ತಂಡ ಅದು.

ಟಾಪ್ಸನ್ ಆಡುವ ರೀತಿ ಪುಸ್ತಕದ ಪ್ರಕಾರ ಇರಲಿಲ್ಲ. ಆಟದಲ್ಲಿ ಯಾರೂ ಆರಿಸದ ಪಾತ್ರಗಳನ್ನು ಆರಿಸುತ್ತಿದ್ದ, ಹಿರಿಯರು ಹೆದರುವ ಕಡೆ ನುಗ್ಗುತ್ತಿದ್ದ. ಬೇರೆ ತಂಡವಾಗಿದ್ದರೆ ಇಪ್ಪತ್ತರ ಹುಡುಗನ ಆ ಹುಂಬತನವನ್ನು ಮೊದಲು ತಿದ್ದುತ್ತಿದ್ದರೇನೋ. ಒಜಿಯ ಹಿರಿಯರು ಅದರ ಮೇಲೆಯೇ ಆಟ ಕಟ್ಟಿದರು. ಅಹಂಕಾರವನ್ನು ಕೊಲ್ಲು ಎಂದು ಹೇಳುವುದು ಸುಲಭ. ಆದರೆ ಸಾವಿರಾರು ಜನರೆದುರು ಕೊನೆಯ ಏಟು ನನ್ನದೇ ಎಂದು ನುಗ್ಗಲು ‘ನಾನು’ ಎಂಬುದು ಬೇಕು. ಅದಿಲ್ಲದ ಕ್ಯಾರಿ ಗೆಲ್ಲುವುದಿಲ್ಲ. ಗುರು ಅದನ್ನು ಕೀಳುವುದಿಲ್ಲ, ಅದಕ್ಕೆ ದಾರಿ ಮಾಡಿಕೊಡುತ್ತಾನೆ. ತನ್ನ ‘ನಾನು’ವನ್ನು ಹಿಂದಕ್ಕೆ ಸರಿಸಿ ಶಿಷ್ಯನ ‘ನಾನು’ವಿಗೆ ಜಾಗ ಬಿಡುತ್ತಾನೆ.

ಹೆಸರು ಬಯಸದೆ ಕಲಿಸಿದವರೂ ಈ ಲೋಕದಲ್ಲಿದ್ದಾರೆ. ಪರ್ಜ್ ಎಂಬ ಹೆಸರಿನ ಆಟಗಾರ ಕೆವಿನ್ ಗೊಡೆಕ್ ಹೊಸಬರಿಗಾಗಿ ಬರೆದ ಕೈಪಿಡಿಯ ಹೆಸರು ‘ವೆಲ್‌ಕಮ್ ಟು ಡೋಟಾ, ಯು ಸಕ್’. ತಲೆಬರಹ ಒರಟು, ಒಳಗೆ ಇರುವುದು ತಾಳ್ಮೆ. ಟೋರ್ಟೆ ಡಿ ಲಿನಿ ಎಂಬ ಹೆಸರಿನಲ್ಲಿ ಒಬ್ಬರು ಆಟದೊಳಗೇ ಓದಬಹುದಾದ ಮಾರ್ಗದರ್ಶಿಗಳನ್ನು ಬರೆದು, ಆಟ ಬದಲಾದಾಗಲೆಲ್ಲ ತಿದ್ದುತ್ತ ಬಂದರು. ಯಾವುದನ್ನು ಯಾವಾಗ ಕೊಳ್ಳಬೇಕೆಂದು ತಿಳಿಯದೆ ಅಂಗಡಿಯ ಮುಂದೆ ನಿಂತ ಲೆಕ್ಕವಿಲ್ಲದಷ್ಟು ಹೊಸಬರನ್ನು ಅವು ಕೈಹಿಡಿದು ನಡೆಸಿವೆ. ಆಟದಲ್ಲೇ ಕೋಚಿಂಗ್ ವ್ಯವಸ್ಥೆಯೂ ಬಂತು: ಕಲಿಸುವವನು ಶಿಷ್ಯನ ಪರದೆಯನ್ನೇ ನೋಡುತ್ತ, ನಕ್ಷೆಯ ಮೇಲೆ ಗೆರೆ ಎಳೆದು ತೋರಿಸಬಹುದು. ಒಂದು ಕಾಲಕ್ಕೆ ಪಂದ್ಯ ಮುಗಿದ ಮೇಲೆ ಜೊತೆಗಾರನನ್ನು ಮೆಚ್ಚಿ ಗುರುತಿಸಲು ನಾಲ್ಕು ಬಗೆಗಳಿದ್ದವು: ಸ್ನೇಹ, ಕ್ಷಮೆ, ಬೋಧನೆ, ನಾಯಕತ್ವ. ನಾಲ್ಕರಲ್ಲಿ ಒಂದೂ ಎಂಎಂಆರ್ ಅನ್ನು ಏರಿಸುತ್ತಿರಲಿಲ್ಲ. ಆದರೂ ಜನ ಅವನ್ನು ಕೊಟ್ಟರು, ಪಡೆದವರು ಜೋಪಾನವಾಗಿ ಎಣಿಸಿಕೊಂಡರು.

ನಮ್ಮ ದೇಶದ ಹುಡುಗರೂ ಈಗ ಈ ಕಣದಲ್ಲಿ ದೂರ ಬಂದಿದ್ದಾರೆ. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಕಾಮನ್‌ವೆಲ್ತ್ ಇ-ಸ್ಪೋರ್ಟ್ಸ್ ಚಾಂಪಿಯನ್‌ಷಿಪ್‌ನಲ್ಲಿ ಭಾರತದ ಡೋಟಾ ತಂಡ ಕಂಚು ಗೆದ್ದಿತು. ಆದರೆ ಹೆಚ್ಚಿನ ಮಕ್ಕಳು ಆಟಕ್ಕೆ ಬರುವುದು ಮೊಬೈಲಿನ ಮೂಲಕ, ಒಬ್ಬೊಬ್ಬರಾಗಿ, ಬಾಗಿಲು ಮುಚ್ಚಿದ ಕೋಣೆಗಳಲ್ಲಿ. ಮಗ ಎಷ್ಟು ಹೊತ್ತು ಆಡಿದ ಎಂಬುದೇ ಮನೆಯವರ ಚಿಂತೆ. ಅಲ್ಲಿ ಯಾರ ಜೊತೆ ಆಡುತ್ತಾನೆ, ಸೋತಾಗ ಯಾರ ಮಾತು ಅವನ ಕಿವಿಗೆ ಬೀಳುತ್ತದೆ ಎಂದು ಕೇಳುವವರು ಕಡಿಮೆ. ಮೈಸೂರಿನ ಗರಡಿಮನೆಯಲ್ಲಿ ಹುಡುಗ ಮಟ್ಟಿಗೆ ಇಳಿದರೆ ವಸ್ತಾದರು ಪಕ್ಕದಲ್ಲೇ ಇರುತ್ತಾರೆ. ಪಟ್ಟು ಹಾಕುವುದರ ಜೊತೆಗೆ, ಕೆಡವಿದವನನ್ನು ಕೈಕೊಟ್ಟು ಎಬ್ಬಿಸುವುದನ್ನೂ ಅವನು ಅಲ್ಲೇ ಕಲಿಯುತ್ತಾನೆ. ಆನ್‌ಲೈನ್ ಕಣದಲ್ಲಿ ಮಟ್ಟಿ ಇದೆ, ಜಟ್ಟಿಗಳಿದ್ದಾರೆ, ವಸ್ತಾದರ ಜಾಗ ಖಾಲಿಯಿದೆ. ಅದನ್ನು ತುಂಬಬೇಕಾದವರು ಸರ್ಕಾರವೂ ಅಲ್ಲ, ಆಟ ಮಾಡುವ ಕಂಪನಿಯೂ ಅಲ್ಲ. ಹತ್ತು ವರ್ಷ ಆಡಿ ಮೇಲೆ ಬಂದ ನಾವೇ ತುಂಬಬೇಕು.

ಮಂಡ್ಯದ ಹುಡುಗ ಕೊನೆಗೆ ಹುಬ್ಬಳ್ಳಿಯ ಅಣ್ಣನ ಎಂಎಂಆರ್ ದಾಟಿ ಮುಂದೆ ಹೋದ. ಅದನ್ನು ಗುಂಪಿಗೆ ಮೊದಲು ಹೇಳಿದವರು ಅಣ್ಣನೇ. ‘ಇನ್ನ ಮ್ಯಾಲೆ ನಾನs ಇವನ್ನ ಕೇಳಿ ಆಡಾಂವ’ ಎಂದರು, ಆ ದಿನದಿಂದ ಹಾಗೆಯೇ ಆಡಿದರು. ಗುರುವಿನ ನಿಜವಾದ ಪರೀಕ್ಷೆ ಶಿಷ್ಯ ತನ್ನನ್ನು ಮೀರುವ ದಿನದ್ದು. ಅಂದು ಸಂತೋಷಪಡಬೇಕಾದರೆ, ಅದುವರೆಗೆ ಬಿಟ್ಟುಕೊಟ್ಟ ಒಂದೊಂದು ಕೊನೆಯ ಏಟನ್ನೂ ಪೂರ್ತಿ ಮನಸ್ಸಿನಿಂದ ಬಿಟ್ಟಿರಬೇಕು. ಮನಸ್ಸಿನೊಳಗೆ ಸಾಲದ ಪುಸ್ತಕ ಬರೆದಿಟ್ಟವನಿಗೆ ಆ ಸಂತೋಷವಿಲ್ಲ.

ಮೇಲಿನ ಮೆಟ್ಟಿಲು ಹತ್ತಿದವರಲ್ಲಿ ನನ್ನದು ಒಂದೇ ಕೋರಿಕೆ. ವಾರದಲ್ಲಿ ಒಂದು ರಾತ್ರಿಯಾದರೂ ನಿಮಗಿಂತ ಕೆಳಗಿರುವವರ ಜೊತೆ, ಐದನೇ ಸ್ಥಾನದಲ್ಲಿ ಆಡಿ. ಯುದ್ಧದ ನಡುವೆ ಸುಮ್ಮನಿರಿ, ಮುಗಿದ ಮೇಲೆ ಒಂದೇ ವಿಷಯ ಎತ್ತಿ, ಉತ್ತರ ಅವರ ಬಾಯಿಂದ ಬರುವವರೆಗೆ ಕಾಯಿರಿ. ನಿಮ್ಮ ಅಂಕವನ್ನು ಯಾರೋ ನಾಳೆ ಮೀರುತ್ತಾರೆ, ಅದು ಖಂಡಿತ. ಮೀರುವವರು ನಿಮ್ಮಿಂದ ಕಲಿತವರಾಗಿರಬೇಕೇ, ನಿಮ್ಮಿಂದ ಬೈಸಿಕೊಂಡವರಾಗಿರಬೇಕೇ ಎಂಬ ಆಯ್ಕೆ ಮಾತ್ರ ಇವತ್ತು ನಿಮ್ಮ ಕೈಯಲ್ಲಿದೆ.